ಬೆರಿ ಬೇನೆ, ಬಚ್ಚೆಲ್ ಮತ್ತು ಒಂದು ಪರದೆ

ಜೂನ್ ತಿಂಗಳ ಒಂದು ಬೆಳಿಗ್ಗೆ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಬಂಟ್ವಾಳದ ಕಡೆಯ ಒಬ್ಬ ಹೆಂಗಸು ಮಗನ ಜೊತೆ ಮಂಗಳೂರಿನ ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ವಯಸ್ಸು 49. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟುತ್ತಿದ್ದವರು, ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವರು. ತುಳುವಿನಲ್ಲಿ ಅವರು ಹೇಳಿದ್ದು ಮೂರೇ ಮಾತು: ಬೆರಿ ಬೇನೆ, ಬಚ್ಚೆಲ್, ಬೆಗರ್. ಬೆನ್ನುನೋವು, ಆಯಾಸ, ಬೆವರು. ಅಂದು ಕೆಲಸದಲ್ಲಿದ್ದ ಇಂಟರ್ನ್ ಉತ್ತರ ಭಾರತದ ಹುಡುಗ, ಒಳ್ಳೆಯವನೇ, ಆದರೆ ತುಳು ಬಾರದು. ಮಗನೇ ದುಭಾಷಿಯಾದ. "ಬೆನ್ನುನೋವಂತೆ, ಸುಸ್ತಂತೆ. ದಿನವಿಡೀ ಬಗ್ಗಿ ಕುಳಿತು ಬೀಡಿ ಕಟ್ಟುವವರಲ್ಲವೇ ಡಾಕ್ಟರೇ" ಎಂದ. ಬೆವರಿನ ಸುದ್ದಿ ಅಲ್ಲಿಯೇ ಬಿದ್ದುಹೋಯಿತು. ಅವನದೂ ತಪ್ಪಲ್ಲ. ನಮ್ಮ ಕರಾವಳಿಯಲ್ಲಿ ಬೆವರುವುದನ್ನು ಯಾರು ಕಾಯಿಲೆ ಎಂದು ಹೇಳಿಕೊಳ್ಳುತ್ತಾರೆ?

ಇಂಟರ್ನ್ ನನಗೆ ಫೋನ್ ಮಾಡಿ ಕೇಳಿದ. ನಾನು ಆ ದಿನದ ಹೃದ್ರೋಗ ವೈದ್ಯೆ. ಹುಟ್ಟಿದ್ದು ಕುಂದಾಪುರದ ಕಡೆ, ಬದುಕಿದ್ದು ಮಂಗಳೂರಿನಲ್ಲಿ. ಬೀಡಿ ಕಟ್ಟುವವರ ಬೆನ್ನು ನನಗೆ ಗೊತ್ತಿಲ್ಲದ್ದೇ? ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು, ಕುತ್ತಿಗೆ ಬಗ್ಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ದಿನಕ್ಕೆ ಸಾವಿರದ ಲೆಕ್ಕ ಮುಗಿಸುವವರಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ? ಹೀಗೆ ಯೋಚಿಸಿ, ನೋವಿನ ಇಂಜೆಕ್ಷನ್ನೂ ಗ್ಯಾಸಿನ ಮಾತ್ರೆಯೂ ಸಾಕು ಎಂದುಬಿಟ್ಟೆ. ಊರು ಅರಿಯದ ಇಂಟರ್ನ್‌ಗಿಂತ ಊರು ಅರಿತ ನಾನು ಆ ದಿನ ಹೆಚ್ಚು ಅಪಾಯಕಾರಿಯಾಗಿದ್ದೆ. ಬೆಂಚಿನ ಮೇಲೆ ಕುಳಿತಿದ್ದ ಆಕೆಗೆ ವಾಂತಿಯಾದ ಮೇಲೆ ನರ್ಸೊಬ್ಬರು ತಾವಾಗಿಯೇ ಇಸಿಜಿ ತೆಗೆಸಿದರು. ಅಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳವೇ ಕಟ್ಟಿಕೊಂಡಿತ್ತು. ಆಂಜಿಯೋಪ್ಲಾಸ್ಟಿ ಆಯಿತು, ಜೀವ ಉಳಿಯಿತು. ಆದರೆ ಪ್ರತಿ ಬಡಿತಕ್ಕೂ ಶೇಕಡಾ 55ರ ಮೇಲೆ ರಕ್ತವನ್ನು ಹೊರದೂಡಬೇಕಾಗಿದ್ದ ಹೃದಯ 35ಕ್ಕೆ ಬಂದು ನಿಂತಿತು. ಸತ್ತ ಸ್ನಾಯು ಮರಳಿ ಹುಟ್ಟುವುದಿಲ್ಲ.

ಆ ವಾರ ನಾನು ತುರ್ತು ವಿಭಾಗದ ರಿಜಿಸ್ಟರುಗಳನ್ನು ಮನೆಗೆ ಹೊತ್ತುಕೊಂಡು ಹೋದೆ. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಲೋಕವೆಲ್ಲ ಒಪ್ಪಿದ ನಿಯಮ. ಬಂದ ಹೊತ್ತು, ಇಸಿಜಿಯ ಮೇಲೆ ಅಚ್ಚಾದ ಹೊತ್ತು, ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯುತ್ತ ಹೋದೆ. ಗಂಡಸರ ಸಾಲು ಒಂದು ಪುಟ, ಹೆಂಗಸರ ಸಾಲು ಇನ್ನೊಂದು ಪುಟ. ಸಂಖ್ಯಾಶಾಸ್ತ್ರಜ್ಞರನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. ಎರಡನೆಯ ಪುಟದ ಕಾಯುವಿಕೆ ಕಣ್ಣಿಗೆ ಹೊಡೆಯುವಷ್ಟು ಉದ್ದವಿತ್ತು. ಅದರಲ್ಲೂ ಒಬ್ಬರೇ ಬಂದ ಹೆಂಗಸರು, ಕನ್ನಡ ಬಾರದ ಹೆಂಗಸರು, ಬುರ್ಖಾ ತೊಟ್ಟವರು, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು ಎಲ್ಲರಿಗಿಂತ ಹಿಂದೆ.

ಕಾರಣ ತಿಳಿಯಲು ನಾನು ಮಾಡಿದ್ದು ಒಂದೇ ಕೆಲಸ. ಒಂದು ಸ್ಟೂಲು ಎಳೆದುಕೊಂಡು ಇಸಿಜಿ ಕೋಣೆಯಲ್ಲಿ ಎರಡು ಬೆಳಿಗ್ಗೆ ಸುಮ್ಮನೆ ಕುಳಿತೆ. ಇಷ್ಟು ವರ್ಷಗಳಲ್ಲಿ ಆ ಕೋಣೆಯಿಂದ ಬಂದ ಸಾವಿರಾರು ಕಾಗದಗಳನ್ನು ಓದಿದ್ದೆನೇ ಹೊರತು ಒಳಗೆ ಕುಳಿತವಳಲ್ಲ. ಬಾಗಿಲು ನೇರವಾಗಿ ಕಾರಿಡಾರಿಗೆ ತೆರೆಯುತ್ತಿತ್ತು. ತಂತ್ರಜ್ಞ ಗಂಡಸು. "ಬ್ಲೌಸ್ ಬಿಚ್ಚಿ ಮಲಗಿ" ಎಂದು ಹೇಳಿ ಆತ ಯಂತ್ರದ ಕಡೆ ತಿರುಗುತ್ತಿದ್ದ. ಅವನ ಮಟ್ಟಿಗೆ ಅದೇ ಮರ್ಯಾದೆ. ಹೆಂಗಸರು ಬಾಗಿಲು ನೋಡುತ್ತಿದ್ದರು, ಅವನ ಬೆನ್ನು ನೋಡುತ್ತಿದ್ದರು, ಸೆರಗು ಬಿಗಿ ಹಿಡಿಯುತ್ತಿದ್ದರು. ಒಬ್ಬರು "ಮಗಳು ಬರಲಿ, ಆಮೇಲೆ ಮಾಡಿಸುತ್ತೇನೆ" ಎಂದು ಎದ್ದು ಹೋದರು. ರಿಜಿಸ್ಟರಿನಲ್ಲಿ ಅದು "ರೋಗಿ ನಿರಾಕರಿಸಿದರು" ಎಂದು ದಾಖಲಾಯಿತು. ನಾನು ನೋಡುತ್ತಿದ್ದಂತೆಯೇ.

ಮಲಗಿದವರಿಗೂ ಸರಿಯಾದ ಇಸಿಜಿ ಆಗುತ್ತಿರಲಿಲ್ಲ. ಎದೆಯ ಮೇಲೆ ಆರು ಕಡೆ ಅಂಟಿಸುವ ತುಂಡುಗಳಲ್ಲಿ ಮೊದಲೆರಡು ನಾಲ್ಕನೆಯ ಪಕ್ಕೆಲುಬಿನ ಸಂದಿಯಲ್ಲಿ, ಎದೆಮೂಳೆಯ ಎರಡು ಬದಿಗೆ ಬರಬೇಕು. ನಾಲ್ಕನೆಯ ತುಂಡು, ವಿ4 ಎನ್ನುವುದು, ಐದನೆಯ ಸಂದಿಯಲ್ಲಿ, ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ ಗೆರೆ ಎಳೆದಲ್ಲಿ. ಹೆಂಗಸರಲ್ಲಿ ಅದನ್ನು ಸಾಮಾನ್ಯವಾಗಿ ಸ್ತನವನ್ನು ಮೇಲೆತ್ತಿ ಅದರ ಅಡಿಯಲ್ಲಿ ಇಡುತ್ತಾರೆ. ಎತ್ತುವವರು ಯಾರು? ತಂತ್ರಜ್ಞನಿಗೆ ಸಂಕೋಚ, ಹೆಂಗಸಿಗೆ ಸಂಕೋಚ. ಇಬ್ಬರ ಸಂಕೋಚವೂ ಸೇರಿ ತುಂಡುಗಳು ಎರಡು ಬೆರಳು ಮೇಲೆ, ಬಟ್ಟೆಯ ಅಂಚಿಗೆ ಹೋಗಿ ಕೂರುತ್ತಿದ್ದವು. ಹೀಗೆ ಮೇಲೆ ಹೋದರೆ ಇಲ್ಲದ ಹಳೆಯ ಹೃದಯಾಘಾತ ಕಾಗದದ ಮೇಲೆ ಕಾಣಿಸಿಕೊಳ್ಳಬಹುದು, ಇರುವ ಹೊಸ ಆಘಾತ ಮರೆಯಾಗಬಹುದು. ಹೆಂಗಸರ ಇಸಿಜಿಯಲ್ಲಿ ಏನೂ ಸ್ಪಷ್ಟವಿರುವುದಿಲ್ಲ ಎಂದು ನಾವು ಪಾಠದಲ್ಲಿ ಹೇಳಿಕೊಂಡು ಬಂದದ್ದರಲ್ಲಿ ಎಷ್ಟು ಪಾಲು ಹೃದಯದ್ದು, ಎಷ್ಟು ಪಾಲು ಬಾಗಿಲಿನದ್ದು ಎಂದು ಆಗ ಅನುಮಾನ ಹುಟ್ಟಿತು.

ಸ್ಟೆತೊಸ್ಕೋಪಿನ ಹುಟ್ಟಿನ ಕತೆಯನ್ನು ವೈದ್ಯ ವಿದ್ಯಾರ್ಥಿಗಳೆಲ್ಲ ಕೇಳಿರುತ್ತಾರೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನಿಗೆ ಯುವತಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚವಾಯಿತು. ಕಾಗದ ಸುರುಳಿ ಸುತ್ತಿ ಎದೆಯ ಮೇಲಿಟ್ಟು ಕೇಳಿದ, ಸದ್ದು ಇನ್ನೂ ಚೆನ್ನಾಗಿ ಕೇಳಿಸಿತು. ಹೆಣ್ಣಿನ ಸಂಕೋಚವನ್ನು ಅಡ್ಡಿ ಎಂದು ಬೈಯದೆ ಅದಕ್ಕೊಂದು ಸಾಧನ ಮಾಡಿದ್ದರಿಂದ ನಮ್ಮೆಲ್ಲರ ಕೊರಳಿಗೆ ಈ ಆಭರಣ ಬಂತು. ಇನ್ನೂರು ವರ್ಷಗಳ ಬಳಿಕ ನಮ್ಮ ಆಸ್ಪತ್ರೆಯಲ್ಲಿ ಒಂದು ಪರದೆ ಹಾಕಿಸಲು ನಾನು ನಾಲ್ಕು ಪತ್ರ ಬರೆಯಬೇಕಾಯಿತು. ಕೋಟಿಗಟ್ಟಲೆ ಬೆಲೆಯ ಆಂಜಿಯೋಗ್ರಾಂ ಯಂತ್ರಕ್ಕೆ ಒಪ್ಪಿಗೆ ಇಷ್ಟು ಕಷ್ಟವಾಗಿರಲಿಲ್ಲ.

ಪರದೆ ಬಂತು. ಮುಂದೆ ತೆರೆಯುವ, ಎರಡು ಕಡೆ ದಾರ ಕಟ್ಟುವ ಹತ್ತಿಯ ಅಂಗಿಗಳನ್ನು ದರ್ಜಿಯಿಂದ ಹೊಲಿಸಿದೆವು. ಹೆಣ್ಣು ನರ್ಸುಗಳಿಗೆ, ಆಯಾಗಳಿಗೆ, ಇಂಟರ್ನ್ ಹುಡುಗಿಯರಿಗೆ ಇಸಿಜಿ ತೆಗೆಯುವುದನ್ನು ಕಲಿಸಿದೆವು. ಹುಡುಗರಿಗೂ ಕಲಿಸಿದೆವು, ಏಕೆಂದರೆ ರಾತ್ರಿ ಪಾಳಿಯಲ್ಲಿ ಹೆಣ್ಣು ಸಿಬ್ಬಂದಿ ಇಲ್ಲದ ದಿನವೂ ಇರುತ್ತದೆ. ಅವರಿಗೆ ಹೇಳಿಕೊಟ್ಟ ಕ್ರಮ ಇದು: ಮೊದಲು ಏನು ಮಾಡುತ್ತೇನೆಂದು ಹೇಳು. ಅಂಗಿ ಕೊಟ್ಟು ಹೊರಗೆ ನಿಲ್ಲು. ಒಳಗೆ ಬಂದ ಮೇಲೆ ಸ್ತನವನ್ನು ಮೇಲೆತ್ತಿ ಹಿಡಿಯಲು ಆಕೆಗೇ ಹೇಳು. ತುಂಡು ಅಂಟಿಸುವಾಗ ಅಂಗೈ ಬಳಸಬೇಡ, ಕೈಯ ಹಿಂಬದಿ ತಾಗಿದರೆ ಸಾಕು. ಅಂಟಿಸಿದ ಕೂಡಲೇ ಹೊದಿಸು. ಇಸಿಜಿ ದಾಖಲಾಗುವುದಕ್ಕೆ ಹಿಡಿಯುವುದು ಹತ್ತು ಸೆಕೆಂಡು, ಉಳಿದದ್ದೆಲ್ಲ ಈ ಉಪಚಾರ. ಇದನ್ನು ಮೂರನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಸಿಗುವ ವಿಷಯವಾಗಿ ಸೇರಿಸಿದೆ. ಅಂಕ ಇಲ್ಲದಿದ್ದರೆ ನಮ್ಮ ಮಕ್ಕಳು ಉಸಿರಾಡುವುದನ್ನೂ ಕಲಿಯುವುದಿಲ್ಲ.

ಕಾಗದ ಸರಿಯಾಗಿ ಬರತೊಡಗಿದ ಮೇಲೆ ಓದುವ ಅಳತೆಗೋಲಿನ ಪ್ರಶ್ನೆ ಎದ್ದಿತು. ಎರಡನೆಯ, ಮೂರನೆಯ ತುಂಡುಗಳಾದ ವಿ2, ವಿ3ರ ಗೆರೆಯಲ್ಲಿ ಎಸ್‌ಟಿ ಎಂಬ ಭಾಗ ಎಷ್ಟು ಏರಿದರೆ ಹೃದಯಾಘಾತ? 40 ದಾಟಿದ ಗಂಡಸರಲ್ಲಿ 2 ಮಿಲಿಮೀಟರ್, ಅದಕ್ಕಿಂತ ಕಿರಿಯ ಗಂಡಸರಲ್ಲಿ ಎರಡೂವರೆ, ಹೆಂಗಸರಲ್ಲಿ ಒಂದೂವರೆ. ಪುಸ್ತಕದಲ್ಲಿ ಮೂರೂ ಇವೆ, ಬಾಯಿಪಾಠದಲ್ಲಿ ಉಳಿಯುವುದು ಮೊದಲನೆಯದು ಮಾತ್ರ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನಿನ ಕತೆಯೂ ಅಷ್ಟೇ. ಬಳಕೆಯಲ್ಲಿರುವ ಒಂದು ಅತಿಸೂಕ್ಷ್ಮ ಪರೀಕ್ಷೆಯಲ್ಲಿ ಗಂಡಸರ ಗಡಿ ಲೀಟರಿಗೆ 34 ನ್ಯಾನೋಗ್ರಾಂ, ಹೆಂಗಸರ ಗಡಿ 16. ಒಂದೇ ಗಡಿ ಇಟ್ಟುಕೊಂಡ ಪ್ರಯೋಗಾಲಯದ ಚೀಟಿ 25 ಬಂದ ಹೆಂಗಸಿಗೆ "ಸಹಜ" ಎಂದು ಮುದ್ರಿಸಿ ಕಳಿಸುತ್ತದೆ. ಇನ್ನು ನಾವೆಲ್ಲ ಗುಣಿಸಿ ಭಾಗಿಸುವ ಅಪಾಯದ ಲೆಕ್ಕಗಳ ಮೂಲ 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಶುರುವಾದ ಅಧ್ಯಯನ. ಅಲ್ಲಿದ್ದವರು ಬಹುಪಾಲು ಬಿಳಿಯರು. 2004ರಲ್ಲಿ ಹೊರಬಂದ, 52 ದೇಶಗಳನ್ನು ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನ ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲೇ, ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದು ತೋರಿಸಿತು. ಮಲ್ಪೆಯ ಮೀನುಗಾರನ ಎದೆಯನ್ನು ಮ್ಯಾಸಚೂಸೆಟ್ಸಿನ ಗುಮಾಸ್ತನ ಲೆಕ್ಕದಲ್ಲಿ ಅಳೆಯಬೇಡಿ ಎಂದು ನಾನು ತರಗತಿಯಲ್ಲಿ ಹೇಳುವುದು ಇದನ್ನೇ.

ಆದರೆ ಬೆಗರ್ ಎಂಬ ಮಾತನ್ನು ಕೇಳಿಸಿಕೊಳ್ಳುವವರು ಬೇಕಲ್ಲ? ಅದಕ್ಕೆ ಯಾವ ಯಂತ್ರವೂ ಇಲ್ಲ.

ಇಲ್ಲಿ ನನ್ನದೊಂದು ಹಳೆಯ ಗಾಯದ ಮಾತು ಬರುತ್ತದೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಹಂಚಿನ ಮಾಡಿನ ಸರ್ಕಾರಿ ಶಾಲೆಯಲ್ಲಿ. ಎಂಬಿಬಿಎಸ್ ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಎದೆಗೂಡಿನ ದುಗ್ಧರಸನಾಳ (ಥೊರಾಸಿಕ್ ಡಕ್ಟ್) ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಕಾಗದ ಎಳೆದುಕೊಂಡು ಚಿತ್ರ ಬರೆದು ತೋರಿಸಿದೆ, ಎಲ್ಲಿ ನಡುಗೆರೆ ದಾಟುತ್ತದೆ ಎನ್ನುವುದನ್ನೂ ಸೇರಿಸಿ. ಅವರು ಕಾಗದವನ್ನು ಪಕ್ಕದವರಿಗೆ ತೋರಿಸಿ, "ಈ ಹುಡುಗಿ ರಂಗೋಲಿ ಚೆನ್ನಾಗಿ ಹಾಕುತ್ತಾಳೆ" ಎಂದು ನಕ್ಕರು. ಪಾಸಾದೆ, ಆದರೆ ಮುಂದಿನ ಎರಡು ವರ್ಷ ಯಾವ ತರಗತಿಯಲ್ಲೂ ಬಾಯಿ ಬಿಡಲಿಲ್ಲ. ಈಗ ಪರೀಕ್ಷಕಿಯ ಕುರ್ಚಿಯಲ್ಲಿ ಕುಳಿತಾಗ ನನ್ನ ಮೇಜಿನ ಮೇಲೆ ಖಾಲಿ ಕಾಗದ, ಮೂರು ಬಣ್ಣದ ಪೆನ್ನು ಇರುತ್ತವೆ. ಮಾತು ನಿಂತವರ ಮುಂದೆ ಅದನ್ನು ಸರಿಸುತ್ತೇನೆ. ಕನ್ನಡದಲ್ಲಿ ಹೇಳಿದರೂ ಕೇಳುತ್ತೇನೆ, ವಿಷಯ ಗೊತ್ತಿದ್ದರೆ ಅಂಕ ಕೊಡುತ್ತೇನೆ.

ಕರ್ನಾಟಕದಲ್ಲಿ ವೃತ್ತಿಪರ ಸೀಟುಗಳ ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಬಾಗಿಲು ಹೀಗೆ ತೆರೆದಿದೆ, ಸರಿ. ಒಳಗೆ ಬಂದ ಮೇಲೆ ಏನು? ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಯ ಹುಡುಗ, ಗದಗದ ಕಡೆಯ ಹುಡುಗಿ, ಹಿಂದಿನ ಬೆಂಚಿನಲ್ಲಿ ನನ್ನ ಹಳೆಯ ಮೌನವನ್ನೇ ಹೊದ್ದು ಕುಳಿತಿರುವುದು ಕಾಣುತ್ತಿತ್ತು. ನನಗೆ ಉತ್ಸಾಹ ಉಕ್ಕಿತು. ಅವರಿಗೆಂದೇ ಶನಿವಾರ ಮಧ್ಯಾಹ್ನ ವಿಶೇಷ ತರಗತಿ ಎಂದು ಸೂಚನಾ ಫಲಕದಲ್ಲಿ ಹೆಸರುಗಳ ಸಮೇತ ಚೀಟಿ ಅಂಟಿಸಿದೆ.

ಒಬ್ಬರೂ ಬರಲಿಲ್ಲ. ಎರಡನೆಯ ಶನಿವಾರವೂ ಬರಲಿಲ್ಲ. ಮೂರನೆಯ ವಾರ ಆ ಗದಗದ ಹುಡುಗಿ ಕೋಣೆಗೆ ಬಂದು, ಬಾಗಿಲ ಬಳಿಯೇ ನಿಂತು, "ಮೇಡಂ, ದಯವಿಟ್ಟು ಆ ಚೀಟಿ ತೆಗೆಯಿರಿ. ಹಾಸ್ಟೆಲಿನಲ್ಲಿ ಎಲ್ಲರೂ ಅದರ ಫೋಟೋ ತೆಗೆದುಕೊಂಡಿದ್ದಾರೆ" ಎಂದಳು. ನನ್ನನ್ನು ನಗೆಪಾಟಲು ಮಾಡಿದ ಪರೀಕ್ಷಕರು ಒಂದು ಕೋಣೆಯಲ್ಲಿ, ನಾಲ್ಕು ಜನರ ಎದುರು ಮಾಡಿದ್ದರು. ನಾನು ಸದುದ್ದೇಶದಿಂದ, ದಪ್ಪಕ್ಷರದಲ್ಲಿ, ಇಡೀ ಕಾಲೇಜಿನ ಎದುರು ಮಾಡಿದ್ದೆ. ಚೀಟಿ ಹರಿದೆ. ಆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕ್ಷಮೆ ಕೇಳಿದೆ. ಕೆಲವರಿಗೆ ಅದರಿಂದ ಇನ್ನಷ್ಟು ಮುಜುಗರವಾಯಿತು.

ದಾರಿ ತೋರಿಸಿದ್ದು ವಾರ್ಡು. ರೌಂಡ್ಸ್ ಹೋಗುವಾಗ ನೋಡಿದೆ: ಬೆಳ್ತಂಗಡಿಯ ಹುಡುಗ ಹಾಸಿಗೆಯ ಪಕ್ಕದಲ್ಲಿ ತುಳುವಿನಲ್ಲಿ ಮಾತಿಗಿಳಿದರೆ ಅಜ್ಜಂದಿರು ಹುಟ್ಟಿದ ಊರಿನಿಂದ ಹಿಡಿದು ನಿಲ್ಲಿಸಿದ ಮಾತ್ರೆಯವರೆಗೆ ಎಲ್ಲ ಹೇಳುತ್ತಾರೆ. ತರಗತಿಯ ಮೊದಲ ಬೆಂಚಿನವರು ಅದೇ ಹಾಸಿಗೆಯಲ್ಲಿ ಅರ್ಧ ಗಂಟೆ ಕುಳಿತು ಎರಡು ಸಾಲು ಬರೆದುಕೊಂಡು ಬಂದಿರುತ್ತಾರೆ. 2019ರಿಂದ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದವರಿಗೆ ತಳಪಾಯದ ತರಬೇತಿ ಇದೆ, ಅದರಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ಸಾಮಾನ್ಯವಾಗಿ ಅದು "ನಿಮ್ಮ ಹೆಸರೇನು, ಬಸ್ ನಿಲ್ದಾಣ ಎಲ್ಲಿದೆ" ಎಂಬಲ್ಲಿಗೆ ಮುಗಿಯುತ್ತದೆ. ನಾವು ಅದನ್ನು ಎದೆಯ ಸುತ್ತ ಕಟ್ಟಿದೆವು, ಕಲಿಸುವ ಕೆಲಸವನ್ನು ಹಿಂದಿನ ಬೆಂಚಿಗೆ ಕೊಟ್ಟೆವು. ವಿಶೇಷ ತರಗತಿ ಈಗ ಎಲ್ಲರಿಗೂ. ಮೇಷ್ಟ್ರುಗಳು ಮಾತ್ರ ಬೇರೆ.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ವಾರ್ಡಿನ ಮೇಜಿಗೆ ದಾರದಿಂದ ಕಟ್ಟಿದೆವು. ರೋಗಿ ಆಡಿದ ಮಾತು ಎಡಕ್ಕೆ, ಕೊನೆಗೆ ಪತ್ತೆಯಾದ ಕಾಯಿಲೆ ಬಲಕ್ಕೆ. ತುಳುವಿನ ತಿಗಲೆ ಎದೆ, ಪುಗೆಲ್ ಹೆಗಲು. ಬೀಡಿಯವರ ಬೆರಿ ಬೇನೆಯ ಮುಂದೆ "ಬೆಗರ್ ಇದೆಯೇ, ಕೇಳಿ" ಎಂದು ಕೆಂಪು ಶಾಯಿಯಲ್ಲಿ ಬರೆದವಳು ನಾನು. ಗದಗದ ಹುಡುಗಿ ತಮ್ಮ ಕಡೆಯ ತೇಕು ಎಂಬ ಮಾತು ತಂದಳು. ನಾಲ್ಕು ಮೆಟ್ಟಿಲು ಹತ್ತಿದರೆ ಬರುವ ಏದುಸಿರಿಗೆ ಅದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ಬ್ಯಾರಿ ಭಾಷೆಗೆ ಮೇಷ್ಟ್ರು ಯಾರೆಂದರೆ ಉಪ್ಪಿನಂಗಡಿಯ ಹುಡುಗಿ, ಅವಳಿಗೆ ಸಹಾಯಕನಾಗಿ ಕೇರಳದ ಹುಡುಗ. ಬ್ಯಾರಿ ಮಲಯಾಳಕ್ಕೆ ಹತ್ತಿರವೆಂದು ತಿಳಿದ ಮೇಲೆ ಅವನ ಗತ್ತೇ ಬೇರೆಯಾಯಿತು. ಕೊಂಕಣಿಯ ದಿನ ಮಾತ್ರ ಪಾಠ ನಡೆಯಲಿಲ್ಲ. ಕಾರ್ಕಳದ ಪೈ ಹುಡುಗನೂ ಕಲ್ಯಾಣಪುರದ ಡಿಸೋಜ ಹುಡುಗಿಯೂ ಯಾರ ಕೊಂಕಣಿ ಸರಿ ಎಂದು ಇಪ್ಪತ್ತು ನಿಮಿಷ ಜಗಳವಾಡಿದರು. ಪುಸ್ತಕದಲ್ಲಿ ಎರಡೂ ಇವೆ.

ಆ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ಮಾತು ಯಾವ ಭಾಷೆಯದೂ ಅಲ್ಲ, ಎಲ್ಲ ಭಾಷೆಯದೂ ಹೌದು. ಗ್ಯಾಸ್. ಬೈಂದೂರಿನಿಂದ ಸುಳ್ಯದವರೆಗೆ ಹೃದಯಾಘಾತಕ್ಕೆ ಮೊದಲು ಇಡುವ ಹೆಸರು ಅದೇ. ಸೋಡಾ ಕುಡಿದು, ಓಮ ಜಗಿದು, ರಾತ್ರಿ ಕಳೆದು ಬರುತ್ತಾರೆ. ಗಂಡಸರ ಗ್ಯಾಸನ್ನು ನಂಬದೆ ಹೆಂಡತಿ ಆಸ್ಪತ್ರೆಗೆ ಎಳೆದು ತರುತ್ತಾಳೆ. ಹೆಂಡತಿಯ ಗ್ಯಾಸನ್ನು ಮನೆಯವರೆಲ್ಲ ನಂಬುತ್ತಾರೆ, ಅವಳೂ ನಂಬುತ್ತಾಳೆ.

ಇನ್ನೊಂದು ಸಂಗತಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಕಂಡದ್ದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಉಡುಪಿ ಕಡೆಯ ಕೊರಗ ಬುಡಕಟ್ಟಿನವರ ಕಾಲನಿಯಿಂದ ಒಬ್ಬ ಅಜ್ಜಿ ರಕ್ತದೊತ್ತಡಕ್ಕೆ ಬರುತ್ತಿದ್ದರು. ಪ್ರತಿ ಸಲವೂ ಒತ್ತಡ ಏರಿಯೇ ಇರುತ್ತಿತ್ತು, ನಾನು ಮಾತ್ರೆ ಹೆಚ್ಚಿಸುತ್ತಲೇ ಇದ್ದೆ. ಅಜ್ಜಿಗೆ ತಲೆ ತಿರುಗುತ್ತಿತ್ತು. ಒಂದು ದಿನ ವಿದ್ಯಾರ್ಥಿನಿ ಹೇಳಿದಳು: "ಮೇಡಂ, ಅವರು ಕುರ್ಚಿಯಲ್ಲಿ ಕೂರುವುದೇ ಇಲ್ಲ. ಹೊರಗೆ ಗೋಡೆ ಪಕ್ಕ ನಿಂತಿರುತ್ತಾರೆ. ಒಳಗೆ ಕರೆದಾಗ ಕುರ್ಚಿಯ ತುದಿಗೆ ಆನಿಕೊಂಡು ಕೈ ಚಾಚುತ್ತಾರೆ." ರಕ್ತದೊತ್ತಡ ನೋಡುವ ಮೊದಲು ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕಿಟ್ಟು, ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟುಕೊಂಡು ಕೂರಬೇಕು. ಇಲ್ಲದಿದ್ದರೆ ಲೆಕ್ಕ ಮೇಲೇರುತ್ತದೆ. ಕೊರಗರನ್ನು ಕೀಳಾಗಿ ಕಂಡು ಅವರಿಂದ ಅಜಲು ಎಂಬ ಅವಮಾನಕರ ಸೇವೆ ಮಾಡಿಸಿಕೊಳ್ಳುವುದನ್ನು ನಿಷೇಧಿಸಿ ಸರ್ಕಾರ ಕಾಯ್ದೆ ತಂದದ್ದು 2000ದಲ್ಲಿ. ಅದರ ಹಿಂದಿನ ಶತಮಾನಗಳು ಆ ಅಜ್ಜಿಯ ಮೊಣಕಾಲಿನಲ್ಲಿ ಇನ್ನೂ ಕುಳಿತಿದ್ದವು, ಅವರನ್ನು ಕೂರಲು ಬಿಡುತ್ತಿರಲಿಲ್ಲ. ವಿದ್ಯಾರ್ಥಿನಿ ತಾನೂ ಪಕ್ಕದಲ್ಲಿ ಕುಳಿತು, ಎಲೆ ಅಡಿಕೆ ವಿಚಾರ ಮಾತಾಡಿ, ಹತ್ತು ನಿಮಿಷ ಬಿಟ್ಟು ನೋಡಿದಳು. ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದೆ.

ಹೃದ್ರೋಗ ವಿಭಾಗದಲ್ಲಿ ಹೆಣ್ಣುಮಕ್ಕಳ ಬಗ್ಗೆ ಬರೆಯಿರಿ ಎಂದು ಗೆಳತಿಯರು ಹೇಳುತ್ತಾರೆ. ಚಿಕ್ಕದಾಗಿ ಹೇಳಿಬಿಡುತ್ತೇನೆ, ಹೆಚ್ಚು ಹೇಳಿದರೆ ಸಿಟ್ಟು ಬರುತ್ತದೆ. ನಾನು ಪ್ರವೇಶ ಸಂದರ್ಶನಕ್ಕೆ ಹೋದಾಗ ಕೇಳಿದ ಮೊದಲ ಪ್ರಶ್ನೆ ಮದುವೆ ಯಾವಾಗ ಎಂದು. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ವಿಕಿರಣ ತಡೆಯುವ ಸೀಸದ ಅಂಗಿ ಇದ್ದದ್ದು ಗಂಡಸರ ಅಳತೆಯಲ್ಲಿ ಮಾತ್ರ. ತೋಳಿನ ಸಂದಿಯಲ್ಲಿ, ಸ್ತನದ ಪಕ್ಕದಲ್ಲಿ ಅದು ಬಾಯ್ಬಿಟ್ಟುಕೊಂಡಿರುತ್ತಿತ್ತು. ಅಳತೆಗೆ ತಕ್ಕ ಅಂಗಿ ತರಿಸಿದ ವರ್ಷ ನಮ್ಮಲ್ಲಿ ಇಬ್ಬರು ಹುಡುಗಿಯರು ಈ ವಿಷಯ ಆರಿಸಿಕೊಂಡರು. ಅಂಗಿಯಿಂದಲೇ ಎಂದು ನಾನು ಹೇಳುವುದಿಲ್ಲ. ಅವರಿಗೆ ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರ ಕತೆ ಹೇಳುತ್ತೇನೆ. 1917ರಲ್ಲಿ ಬರ್ಮಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಹೆಲೆನ್ ಟೌಸಿಗ್ ಅವರ ಬಳಿ ಕಲಿತು, ದೆಹಲಿಯಲ್ಲಿ ಹೃದಯದ ಚಿಕಿತ್ಸಾಲಯ ಕಟ್ಟಿ, 2020ರಲ್ಲಿ 103ನೆಯ ವಯಸ್ಸಿನಲ್ಲಿ ಕೋವಿಡ್‌ಗೆ ತುತ್ತಾದವರು. ಆ ಟೌಸಿಗ್ ಅವರಿಗೆ ಕಿವಿ ಮಂದವಾಗಿತ್ತು. ಹೃದಯದ ದೋಷದಿಂದ ಮೈ ನೀಲಿಗಟ್ಟಿದ ಮಕ್ಕಳ ಎದೆಯ ಮರ್ಮರವನ್ನು ಬೆರಳಿನಿಂದ ಮುಟ್ಟಿ ಗುರುತಿಸುತ್ತಿದ್ದರು. 1944ರಲ್ಲಿ ಅಂಥ ಮಗುವಿಗೆ ನಡೆದ ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ ಬ್ಲೇಲಾಕ್ ಅವರ ಹಿಂದೆ ನಿಂತು ಹೊಲಿಗೆಯ ದಾರಿ ಹೇಳಿಕೊಟ್ಟವರು ವಿವಿಯನ್ ಥಾಮಸ್ ಎಂಬ ಕಪ್ಪು ವರ್ಣೀಯ ತಂತ್ರಜ್ಞ. ವೈದ್ಯಕೀಯ ಪದವಿ ಇಲ್ಲದ ಅವರೇ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಆ ಹೊಲಿಗೆಯನ್ನು ಹದಕ್ಕೆ ತಂದಿದ್ದರು. ಶ್ರವಣ ಸಾಧನ ಹಾಕಿಕೊಳ್ಳುವ ಹುಡುಗನೊಬ್ಬ ನಮ್ಮ ಕಾಲೇಜಿಗೆ ಬಂದಾಗ, ಸ್ಟೆತೊಸ್ಕೋಪು ಹಿಡಿಯುವುದು ಹೇಗೆ ಎಂದು ಸಹೋದ್ಯೋಗಿಗಳು ತಲೆ ಕೆರೆದುಕೊಂಡರು. ಸದ್ದನ್ನು ಹೆಚ್ಚಿಸಿ ಮೊಬೈಲಿನ ಪರದೆಯಲ್ಲಿ ಗೆರೆಯಾಗಿ ತೋರಿಸುವ ಸ್ಟೆತೊಸ್ಕೋಪು ತರಿಸಿಕೊಟ್ಟೆವು. ಈಗ ಅದನ್ನು ಕಿವಿ ಚೆನ್ನಾಗಿರುವವರೇ ಹೆಚ್ಚು ಎರವಲು ಪಡೆಯುತ್ತಾರೆ.

ಹೊರಗಿನ ಕೆಲಸ ನನಗಿಂತ ಚೆನ್ನಾಗಿ ಮಾಡಿದವರು ಇದ್ದಾರೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸಾಪ್ ಗುಂಪಿನಲ್ಲಿ ಕಾಗದ ಬಂದ ಕೂಡಲೇ ತಜ್ಞರು ಉತ್ತರಿಸುವ ವ್ಯವಸ್ಥೆ ಕಟ್ಟಿದರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮ ಇಂಟರ್ನ್‌ಗಳಿಗೆ ನಾನು ಹೇಳುವುದು ಒಂದೇ: ಆ ಔಷಧದ ಪ್ರಮಾಣ ತೂಕದ ಮೇಲೆ ನಿಂತಿದೆ. 60 ಕಿಲೋಗಿಂತ ಕಡಿಮೆ ಇದ್ದರೆ 30 ಮಿಲಿಗ್ರಾಂ. ಸೀರೆ ಉಟ್ಟ ಹೆಂಗಸನ್ನು ಕಣ್ಣಳತೆಯಲ್ಲಿ ತೂಗಬೇಡಿ, ಪ್ರಮಾಣ ಹೆಚ್ಚಾದರೆ ಮೆದುಳಿನಲ್ಲಿ ರಕ್ತ ಸೋರಬಹುದು. ತಕ್ಕಡಿಯನ್ನು ಇಸಿಜಿ ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳಿ.

ಹೃದಯಾಘಾತವಾದ ಮೇಲಿನ ವ್ಯಾಯಾಮ ಮತ್ತು ಆರೈಕೆಯ ತರಗತಿಗೆ ಹೆಂಗಸರು ಬರುತ್ತಲೇ ಇರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂದು ಕಡತದಲ್ಲಿ ಬರೆದಿದ್ದೆವು. ಆ ಬಂಟ್ವಾಳದ ಹೆಂಗಸನ್ನೇ ಕೇಳಿದೆ. ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. ನಮ್ಮ ತರಗತಿ ಇದ್ದದ್ದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಅದೇ ದಿನ, ಅದೇ ಹೊತ್ತಿಗೆ ಅವರು ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸಿ, ಲೆಕ್ಕ ಬರೆಸಿ, ಎಲೆ ಹೊಗೆಸೊಪ್ಪು ತರಬೇಕು. ಬಿಟ್ಟರೆ ಕೂಲಿ ಇಲ್ಲ. ಗುರುವಾರ ಮಧ್ಯಾಹ್ನ ಎರಡೂವರೆಗೆ ಬದಲಿಸಿದೆವು, ಊಟ ಮುಗಿದು ಮಕ್ಕಳು ಶಾಲೆಯಿಂದ ಬರುವ ಮೊದಲು, ವಾಪಸ್ ಹೋಗಲು ಬಸ್ ಇರುವ ಹೊತ್ತು. ಈಗ ಅರ್ಧ ಡಜನ್ ಹೆಂಗಸರು ತಪ್ಪದೆ ಬರುತ್ತಾರೆ. ಟ್ರೆಡ್‌ಮಿಲ್ ಅವರಿಗೆ ಇಷ್ಟವಿಲ್ಲ, ಆಸ್ಪತ್ರೆಯ ಹಿಂದಿನ ಏರಿನಲ್ಲಿ ಮಾತಾಡುತ್ತ ನಡೆಯುತ್ತಾರೆ. ಫಿಸಿಯೋಥೆರಪಿಯ ಹುಡುಗ ನಾಡಿ ಲೆಕ್ಕ ಹಾಕುತ್ತ ಹಿಂದೆ ಓಡುತ್ತಾನೆ.

ಎಲ್ಲವೂ ಸರಿಹೋಗಿದೆ ಎಂದು ಯಾರೂ ತಿಳಿಯಬೇಡಿ. ಲೆಕ್ಕದ ಪುಸ್ತಕ ಒಮ್ಮೆ ಕಳೆದುಹೋಗಿ ರದ್ದಿಯಲ್ಲಿ ಸಿಕ್ಕಿತು. ವಲಸೆ ಕಾರ್ಮಿಕರ ಕತೆ ಹಾಗೆಯೇ ಉಳಿದಿದೆ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಹುಡುಗಿಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚಬೇಕು, ಅಷ್ಟರಲ್ಲಿ ಅವಳ ಅಪ್ಪ ಅಮ್ಮನ ಕಟ್ಟಡ ಮುಗಿದು ಇನ್ನೊಂದು ಊರಿಗೆ ಹೋಗಿರುತ್ತಾರೆ. ಫೋನ್ ಮಾಡಿದರೆ ಮೇಸ್ತ್ರಿ ಎತ್ತುತ್ತಾನೆ, "ಹೋದರು" ಎನ್ನುತ್ತಾನೆ.

ಇನ್ನು ಪರದೆ. ಹೋದ ತಿಂಗಳು ಅದನ್ನು ಒಗೆಯಲು ಕೊಟ್ಟರು. ಹನ್ನೊಂದು ದಿನವಾದರೂ ವಾಪಸ್ ಬರಲಿಲ್ಲ. ಕೇಳಿದರೆ ಲಾಂಡ್ರಿಯವರು ಸ್ಟೋರಿನವರ ಕಡೆ, ಸ್ಟೋರಿನವರು ಲಾಂಡ್ರಿಯವರ ಕಡೆ ಬೆರಳು ತೋರಿಸಿದರು. ಐದನೆಯ ಪತ್ರ ಬರೆದಿದ್ದೇನೆ. ಅಲ್ಲಿಯವರೆಗೆ ಮನೆಯಿಂದ ನನ್ನ ಹಳೆಯ ಹೂವಿನ ಬೆಡ್‌ಶೀಟ್ ತಂದು ಕಟ್ಟಿದ್ದೇವೆ. ಒಂದು ಮೂಲೆ ಕೆಳಗೆ ಜಾರುತ್ತದೆ, ಅದನ್ನು ಹಿಡಿದು ನಿಲ್ಲುವ ಕೆಲಸ ಇಂಟರ್ನ್‌ಗಳದ್ದು.